ರಾಯಚೂರು ಮರುಭೂಮಿಯೇನ್ರೀ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ತುಂಡ್ರಾ, ಟೈಗಾ, ಮಳೆಕಾಡು, ಮರುಭೂಮಿ ಎಂದು ಜಗತ್ತಿನ ಬಯೋಮ್‌ಗಳನ್ನು ಬಾಯಿಪಾಠ ಮಾಡುತ್ತಿದ್ದವಳು, 'ಅವ್ವಾ, ಇದರಾಗ ನಮ್ಮೂರು ಯಾವುದು?' ಎಂದು ಕೇಳಿದಳು. 'ಈ ಬಿಸಲು ನೋಡಿದ್ರ ಮರುಭೂಮಿನೇ ಇರಬೇಕು' ಎಂದೆ. 'ಮರುಭೂಮ್ಯಾಗ ಭತ್ತ ಬೆಳೀತಾರೇನು?' ಎಂದಳು. ನಮ್ಮದು ಮಾನ್ವಿ, ನನ್ನ ತವರು ದೇವದುರ್ಗ ಕಡೆಯ ಹಳ್ಳಿ. ಅಲ್ಲಿ ಭತ್ತವೂ ಇಲ್ಲ, ಬರೀ ಕಂಟಿ. ದಯವಿಟ್ಟು ಉತ್ತರ ತಿಳಿಸಿ.
(ಓದುಗರೊಬ್ಬರು, ಮಾನ್ವಿ)

ಉತ್ತರ: ನಿಮ್ಮ ಮಗಳ ಮರುಪ್ರಶ್ನೆ ಚೆನ್ನಾಗಿದೆ, ಆದರೆ ಭತ್ತವನ್ನು ಸಾಕ್ಷಿಗೆ ಕರೆದದ್ದು ತಪ್ಪು. ಅದು ಕಾಲುವೆ ನೀರಿನ ಬೆಳೆ. ಊರಿನ ಹವೆ ಎಂಥದೆಂದು ಅದು ಹೇಳಲಾರದು. ಭತ್ತದ ಮಾತಿಗೆ ಆಮೇಲೆ ಬರೋಣ.

ನಿಮ್ಮ ಉತ್ತರವನ್ನೂ ಪೂರಾ ತಳ್ಳಿಹಾಕುವಂತಿಲ್ಲ. 2001ರಲ್ಲಿ ವಿಶ್ವ ವನ್ಯಜೀವಿ ನಿಧಿಯ ವಿಜ್ಞಾನಿಗಳು ಭೂಮಿಯ ನೆಲವನ್ನೆಲ್ಲ 14 ಬಯೋಮ್‌ಗಳಾಗಿ, ಅವುಗಳೊಳಗೆ 867 ಪರಿಸರ ಪ್ರದೇಶಗಳಾಗಿ ಹಂಚಿ ಒಂದು ನಕ್ಷೆ ಮಾಡಿದರು. ಅದರಲ್ಲಿ ನಮ್ಮ ಸೀಮೆಗೆ 'ದಕ್ಖನ್ ಮುಳ್ಳುಕಂಟಿ ಕಾಡು' ಎಂದು ಹೆಸರು. ಆ ಕಾಡನ್ನು ಇಟ್ಟಿರುವ ಖಾನೆ ಮಾತ್ರ 'ಮರುಭೂಮಿ ಮತ್ತು ಒಣ ಪೊದೆನಾಡು'. ಅಂದರೆ ಕಾಗದದ ಮೇಲೆ ನೀವೂ ಸಹಾರಾದವರೂ ಒಂದೇ ಓಣಿಯವರು. ಈ ಹಂಚಿಕೆ ನನಗೆ ಒಪ್ಪಿಗೆಯಿಲ್ಲ. ಯಾಕೆಂದು ಹೇಳುವುದಕ್ಕೆ ಮೊದಲು ಲಂಡನ್‌ಗೆ ಹೋಗಿಬರಬೇಕು.

ಲಂಡನ್‌ನಲ್ಲಿ ವರ್ಷಕ್ಕೆ ಎಷ್ಟು ಮಳೆ? ಸುಮಾರು 600 ಮಿಲಿಮೀಟರ್. ರಾಯಚೂರಿನಲ್ಲಿ 600ರಿಂದ 700. ಕೊಡೆ ಬಿಟ್ಟು ಮನೆಯಿಂದ ಹೊರಡದ ಆ ಊರಿಗಿಂತ ನಮಗೇ ಒಂದು ಕೈ ಹೆಚ್ಚು. ಆದರೂ ಅಲ್ಲಿ ವರ್ಷವಿಡೀ ಹಸಿರು ಹುಲ್ಲು, ಇಲ್ಲಿ ಫೆಬ್ರುವರಿ ದಾಟುತ್ತಲೇ ಮಡ್ಡಿಯೆಲ್ಲ ಬೋಳು. ಅಲ್ಲಿನ ಮಳೆ ಹನ್ನೆರಡು ತಿಂಗಳಿಗೂ ಹಂಚಿ ಜಿನುಗುತ್ತದೆ, ನಮ್ಮದರ ಬಹುಪಾಲು ಜೂನ್ ಮತ್ತು ಅಕ್ಟೋಬರ್ ನಡುವೆ ಸುರಿದು ಮುಗಿಯುತ್ತದೆ. ಅಲ್ಲಿ ಬಿದ್ದ ನೀರು ನೆಲದಲ್ಲಿ ಇಂಗಿ ಉಳಿಯುತ್ತದೆ. ಇಲ್ಲಿ ಮೇ ತಿಂಗಳ ಪಾರಾ 40 ದಾಟಿ ಕೆಲವು ದಿನ 45ರ ಸಮೀಪ ಬರುತ್ತದೆ. ವರ್ಷದಲ್ಲಿ ಮೋಡ ಕೊಟ್ಟ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ನೀರನ್ನು ಹೀರುವ ದಾಹ ನಮ್ಮ ಬಿಸಿಲಿಗಿದೆ. ಸಂಬಳ ಒಂದೇ ಆದರೂ ಖರ್ಚು ಬೇರೆ.

ಈ ಜಮಾಖರ್ಚನ್ನು ಲೆಕ್ಕಕ್ಕೆ ಇಳಿಸಿದವರು ವ್ಲಾಡಿಮಿರ್ ಕೋಪೆನ್. 1846ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅಲ್ಲಿನ ಚಳಿಯಿಂದ ಕ್ರಿಮಿಯಾದ ಬೆಚ್ಚನೆಯ ಕರಾವಳಿಗೆ ಓಡಾಡುವಾಗ ದಾರಿಯುದ್ದಕ್ಕೂ ಗಿಡಮರ ಬದಲಾಗುವುದನ್ನು ಕಂಡು, ಹವೆಯನ್ನು ಅಳೆಯಲು ಸಸ್ಯವೇ ಸರಿಯಾದ ಮಾಪಕವೆಂದು ನಂಬಿದ್ದವರು. ಅವರ ಸೂತ್ರವನ್ನು ನಿಮ್ಮ ಮಗಳು ನೋಟ್‌ಬುಕ್ಕಿನಲ್ಲೇ ಬಿಡಿಸಬಹುದು. ಊರಿನ ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ. ಮಳೆ ಹೆಚ್ಚಾಗಿ ಬೇಸಿಗೆಯ ಅರ್ಧವರ್ಷದಲ್ಲಿ, ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಊರಾದರೆ 280 ಕೂಡಿಸಿ, ವರ್ಷವಿಡೀ ಬೀಳುವ ಊರಾದರೆ 140. ಬಂದ ಸಂಖ್ಯೆಗಿಂತ ಮಳೆ ಕಡಿಮೆಯಿದ್ದರೆ ಅದು ಒಣನಾಡು. ಆ ಸಂಖ್ಯೆಯ ಅರ್ಧಕ್ಕಿಂತಲೂ ಕಡಿಮೆಯಿದ್ದರೆ ಮರುಭೂಮಿ.

ರಾಯಚೂರಿನ ಸರಾಸರಿ ಸುಮಾರು 28 ಡಿಗ್ರಿ. ಇಪ್ಪತ್ತರಿಂದ ಗುಣಿಸಿದರೆ 560, ಅದಕ್ಕೆ 280 ಸೇರಿ 840. ನಮ್ಮ ಮಳೆ ಇದಕ್ಕಿಂತ ಕಡಿಮೆ, ಹಾಗಾಗಿ ಒಣನಾಡು ಹೌದು. ಆದರೆ 840ರ ಅರ್ಧ 420. ನಮ್ಮ ಮಳೆ ಅದಕ್ಕಿಂತ ಎಷ್ಟೋ ಮೇಲಿದೆ, ಹಾಗಾಗಿ ಮರುಭೂಮಿ ಅಲ್ಲ. ಲಂಡನ್‌ನ ಸರಾಸರಿ ಸುಮಾರು 11 ಡಿಗ್ರಿ. 220ಕ್ಕೆ 140 ಸೇರಿದರೆ 360. ಅದೇ 600 ಮಿ.ಮೀ. ಮಳೆಗೆ ಅದು ತೇವನಾಡು. ನಮ್ಮಂಥ ಊರಿಗೆ ಕೋಪೆನ್ ಲೆಕ್ಕದಲ್ಲಿ ಸಿಗುವ ಹೆಸರು 'ಬಿಸಿ ಅರೆಶುಷ್ಕ'.

ಈ ಎರಡು ಪ್ರಶ್ನೆ, ಎಂದರೆ ಎಷ್ಟು ಬಿಸಿ ಮತ್ತು ನೆಲದಲ್ಲಿ ಉಳಿಯುವ ನೀರೆಷ್ಟು ಎಂಬುದು ಕೈಯಲ್ಲಿದ್ದರೆ ಬಾಯಿಪಾಠದ ಕಾಟ ಅರ್ಧ ತಪ್ಪುತ್ತದೆ. ಉತ್ತರ ಧ್ರುವದ ಸುತ್ತಲಿನ ತುಂಡ್ರಾದಲ್ಲಿ ಬಹುಕಡೆ ವರ್ಷಕ್ಕೆ 250 ಮಿ.ಮೀ.ಗಿಂತಲೂ ಕಡಿಮೆ ಮಳೆಹಿಮ. ನಮ್ಮ ಅರ್ಧವೂ ಇಲ್ಲ. ಆದರೂ ಅಲ್ಲಿನ ಬೇಸಿಗೆಯಲ್ಲಿ ಎತ್ತ ನೋಡಿದರೂ ಕೆಸರು, ಹೊಂಡ, ಸೊಳ್ಳೆ. ಕೆಳಗಿನ ಮಣ್ಣು ಶಾಶ್ವತವಾಗಿ ಹೆಪ್ಪುಗಟ್ಟಿದ್ದರಿಂದ ನೀರು ಇಂಗಲಾರದು, ಮೇಲಿನ ಬಿಸಿಲಿಗೆ ಕಾವಿಲ್ಲದ್ದರಿಂದ ಆರಲಾರದು. ಮರಕ್ಕೆ ಬೇರು ಇಳಿಸಲು ಜಾಗವಿಲ್ಲ. ಪಾಚಿ, ಕಲ್ಲುಹೂ, ಅವನ್ನು ಮೇಯುವ ಹಿಮಸಾರಂಗ, ಅಷ್ಟೆ. ಅದರ ಕೆಳಗೆ ಸೈಬೀರಿಯಾ, ಕೆನಡಾಗಳಲ್ಲಿ ಹರಡಿದ ಟೈಗಾ. ಹಿಮ ಜಾರಿಬೀಳುವಂತೆ ಕೊಂಬೆ ಇಳಿಬಿಟ್ಟ ಸೂಜಿಎಲೆ ಮರಗಳ ಕಾಡು. ಯುರೋಪ್, ಜಪಾನ್‌ಗಳ ಎಲೆಯುದುರುವ ಕಾಡು ಚಳಿಗೆ ಎಲೆ ಉದುರಿಸುತ್ತದೆ, ನಮ್ಮದು ಬಾಯಾರಿಕೆಗೆ. ಮಂಗೋಲಿಯಾ, ಕಜಕಸ್ತಾನಗಳ ಸ್ಟೆಪಿ ಚಳಿನಾಡಿನ ಹುಲ್ಲುಗಾವಲು. ಅದನ್ನು ನೆನಪಿಡಿ, ಅಲ್ಲಿಂದ ನಿಮ್ಮ ಹೊಲಕ್ಕೆ ನೆಂಟರು ಬರುವವರಿದ್ದಾರೆ. ಸಮಭಾಜಕದ ಅಕ್ಕಪಕ್ಕ ಅಮೆಜಾನ್, ಕಾಂಗೋ ಮಳೆಕಾಡು. ಅದನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ, ಆ ಜಾತಿಯ ಕಾಡಿಗೆ ಸರ್ಕಾರಿ ಬಸ್ಸೇ ಸಾಕು.

ರಾಯಚೂರಿನಲ್ಲಿ ಬಸ್ ಹತ್ತಿ ನಿಮ್ಮ ಮಾನ್ವಿ ದಾಟಿ ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಕಾರವಾರಕ್ಕೆ ಹೊರಡಿ. ನಾನೂರು ಚಿಲ್ಲರೆ ಕಿಲೋಮೀಟರ್. ಹುಬ್ಬಳ್ಳಿವರೆಗೂ ಕಿಟಕಿಯಾಚೆ ಜಾಲಿ, ಬೇವು, ಹೊಲ. ಅಲ್ಲಿಂದ ಮುಂದೆ ತೇಗದ ಎಲೆ ಕಾಣಿಸುತ್ತದೆ. ಯಲ್ಲಾಪುರ ಬರುವಷ್ಟರಲ್ಲಿ ರಸ್ತೆಗೆ ಬಿಸಿಲು ಬೀಳುವುದು ನಿಂತು ಬಸ್ಸಿನೊಳಗೆ ತಂಪು ನುಗ್ಗುತ್ತದೆ. ಅರಬೈಲ್ ಘಟ್ಟ ಇಳಿಯುವಾಗ ನಿತ್ಯಹಸುರಿನ ಕಾಡು, ಅದೃಷ್ಟವಿದ್ದರೆ ಮಂಗಟ್ಟೆ ಹಕ್ಕಿ. ಕೊನೆಗೆ ಕಾಳಿ ನದಿ ಕಡಲು ಸೇರುವಲ್ಲಿ ಉಪ್ಪುನೀರಿನಲ್ಲಿ ಬೇರೂರಿದ ಕಾಂಡ್ಲಾ. ಕಾರವಾರದ ಮಳೆ 3,000 ಮಿ.ಮೀ. ಆಸುಪಾಸು. ಅರಬ್ಬೀ ಕಡಲಿನ ಮೋಡವನ್ನು ಸಹ್ಯಾದ್ರಿ ಅಡ್ಡಗಟ್ಟಿ ಹಿಂಡಿ, ಬೆನ್ನ ಹಿಂದಿನ ನಮಗೆ ಬರೀ ಗಾಳಿ ಕಳಿಸುತ್ತದೆ. ಮುಂಗಾರು ಶುರುವಾಯಿತೆಂದು ಪೇಪರಿನಲ್ಲಿ ಬಂದ ಮೇಲೂ ರಾಯಚೂರಿನಲ್ಲಿ ಧೂಳು ಹಾರುವುದು ಇದಕ್ಕೇ. ನಮಗೆ ಗಟ್ಟಿ ಮಳೆ ಬರಬೇಕೆಂದರೆ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಏಳಬೇಕು, ಅದು ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ.

ಹಾಗಾದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ತಾನಾಗಿ ಬೆಳೆಯುವುದೇನು? ನಿಮ್ಮ ತವರಿನ ಮಡ್ಡಿಗೆ ಹೋಗಿ ನೋಡಿ. ನಮ್ಮ ಅಜ್ಜಿಯ ಊರೂ ದೇವದುರ್ಗ ತಾಲ್ಲೂಕೇ, ಹಾಗಾಗಿ ಆ ನೆಲ ನನಗೆ ಸ್ವಲ್ಪ ಗೊತ್ತು. ಗುಂಡುಗಲ್ಲಿನ ಗುಡ್ಡ, ಬುಡದಲ್ಲಿ ಮಸಾರಿ ನೆಲ, ತಗ್ಗಿಗೆ ಇಳಿದಂತೆ ಎರೆ. ಕರಿಜಾಲಿ, ಬಿಳಿಜಾಲಿ, ಬಾರಿ, ಬನ್ನಿ, ಅಲ್ಲಲ್ಲಿ ಕಮರ. ಕಲ್ಲಿನ ಸಂದಿಯಲ್ಲಿ ಕಳ್ಳಿ, ಸೀತಾಫಲ. ಹಾದಿಬದಿಯಲ್ಲಿ ಎಕ್ಕೆ. ಒಂದೊಂದರದೂ ಒಂದೊಂದು ಉಳಿತಾಯ. ಜಾಲಿ ಎಲೆಯನ್ನು ಚಿಟಿಕೆಯಷ್ಟು ಮಾಡಿ ಉಳಿದದ್ದನ್ನು ಮುಳ್ಳಾಗಿಸಿತು. ಎಕ್ಕೆ ಎಲೆಗೆ ಮೇಣ ಬಳಿದುಕೊಂಡಿತು. ಕಳ್ಳಿಯಂತೂ ಹಗಲು ಬಾಗಿಲನ್ನೇ ತೆರೆಯುವುದಿಲ್ಲ. ನೀರು ಆವಿಯಾಗಿ ಹೋದೀತೆಂದು ರಾತ್ರಿ ತಂಪಿನಲ್ಲಿ ಗಾಳಿ ಎಳೆದು ಕೂಡಿಟ್ಟುಕೊಂಡು ಹಗಲಿನ ಬೆಳಕಿಗೆ ಅಡುಗೆ ಮಾಡಿಕೊಳ್ಳುತ್ತದೆ. ದೀಪಾವಳಿ ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಉತ್ತರಾಣಿ ಕಡ್ಡಿಯ ಜೊತೆ ಸಿಕ್ಕಿಸುತ್ತೀರಲ್ಲ, ಆ ಹಳದಿ ಹೊನ್ನಂಬರಿ ಹೂ? ಅದೂ ಈ ಒಣನೆಲದ್ದೇ ಗಿಡ. ಯಾರೂ ನೀರು ಹಾಕದೆ, ಆಡೂ ಮುಟ್ಟದೆ, ಹಬ್ಬಕ್ಕೆ ಸರಿಯಾಗಿ ಹೂ ಬಿಟ್ಟಿರುತ್ತದೆ.

ಇವೆಲ್ಲ ಎದ್ದು ಕಾಣುವ ಗಿಡಗಳು. ನಾನು ಹೇಳಬೇಕೆಂದಿರುವುದು ಅವುಗಳ ನಡುವೆ ಕಾಲಡಿ ಇರುವ ಹುಲ್ಲಿನ ಬಗ್ಗೆ. ಅಜ್ಜಿ ಮಡ್ಡಿಯಿಂದ ಬಂದರೆ ಕಟ್ಟೆಯ ಮೇಲೆ ಕೂತು ಸೀರೆಯ ಅಂಚಿನಿಂದ ಕಂದು ಬಣ್ಣದ ಮುಳ್ಳು ಒಂದೊಂದಾಗಿ ಕೀಳುತ್ತಿದ್ದಳು. ಅದು ಹುಲ್ಲಿನ ಬೀಜ. ಮುಂದೆ ಈಟಿಯಂಥ ಮೊನೆ, ಹಿಂದೆ ಗೇಣಿನ ಅರ್ಧದಷ್ಟು ಉದ್ದದ ಬಾಲ. ಒಂದನ್ನು ಕಿತ್ತು ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಡಿ. ಬಾಲ ತಿರುಚಿದ ಹಗ್ಗ ಬಿಚ್ಚಿಕೊಂಡಂತೆ ಗಿರಗಿರನೆ ತಿರುಗುತ್ತದೆ. ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಹೀಗೆ ನೆನೆದು ಒಣಗಿ, ನೆನೆದು ಒಣಗಿ, ಬೈರಿಗೆಯಂತೆ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಡ್ಡಿಗೆ ಬೆಂಕಿ ಬಿದ್ದರೂ ಬೀಜ ಮಣ್ಣೊಳಗೆ ತಣ್ಣಗಿರುತ್ತದೆ. ಬೆಂಕಿ, ಮೇವು, ಬರ ಮೂರನ್ನೂ ಮುಂಚೆಯೇ ಲೆಕ್ಕ ಹಾಕಿದ ಬೀಜ ಅದು. ಇದೇ ಹುಲ್ಲು ಆಫ್ರಿಕದಲ್ಲೂ ಉಂಟು. ನಮ್ಮ ಕರಿಜಾಲಿಯೂ ಅಷ್ಟೆ: ಅದರ ವೈಜ್ಞಾನಿಕ ಹೆಸರಿನಲ್ಲಿರುವ 'ನೈಲೋಟಿಕಾ' ಎಂದರೆ ನೈಲ್ ನದಿಯದು.

ನೆಲತುಂಬ ಹುಲ್ಲು, ನಡುನಡುವೆ ಮುಳ್ಳಿನ ಮರ, ಒಂದು ಕಾಲ ಮಳೆ, ಉಳಿದ ಕಾಲ ಬೆಂಕಿಯಂಥ ಬಿಸಿಲು. ಇದಕ್ಕೆ ಪುಸ್ತಕದಲ್ಲಿರುವ ಹೆಸರು ಸವನ್ನಾ.

ಅರಣ್ಯ ಇಲಾಖೆಯವರು ಹೀಗನ್ನುವುದಿಲ್ಲ. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಮಾಡಿದ ವರ್ಗೀಕರಣವೇ ಇಂದಿಗೂ ಅವರಿಗೆ ಆಧಾರ, ಅದರ ಪ್ರಕಾರ ಇಂಥ ನೆಲ 'ದಕ್ಷಿಣದ ಉಷ್ಣವಲಯದ ಮುಳ್ಳುಕಾಡು'. ಕಾಡೆಂದು ಕರೆದ ಮೇಲೆ ಮರ ಕಡಿಮೆಯಿರುವುದೇ ದೋಷವಾಗುತ್ತದೆ. ಯಾರೋ ಕಡಿದು ಹಾಳು ಮಾಡಿದ್ದಾರೆ, ಗಿಡ ನೆಟ್ಟು ಸರಿಮಾಡಬೇಕು ಎಂಬ ಯೋಚನೆ ಬರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ತಕರಾರು ತೆಗೆದರು. ಏಷ್ಯಾದ ಇಂಥ ಹುಲ್ಲುಮರದ ನೆಲಗಳು ಕೆಟ್ಟುಹೋದ ಕಾಡಲ್ಲ, ಮನುಷ್ಯ ಕೊಡಲಿ ಹಿಡಿಯುವುದಕ್ಕೆ ಬಹಳ ಮೊದಲಿನಿಂದ ಇರುವ ಸವನ್ನಾ ಎಂಬುದು ಅವರ ವಾದ. ನನಗೆ ಅದು ಸರಿ ಎನಿಸಿದೆ.

ನಮ್ಮ ಜಿಲ್ಲೆಯ ಇತಿಹಾಸವೂ ಹುಲ್ಲಿನ ಕಡೆಗೇ ಇದೆ. ಲಿಂಗಸುಗೂರು ಕಡೆಯ ಪಿಕ್ಲಿಹಾಳದಲ್ಲಿ ನವಶಿಲಾಯುಗದ ಜನ ಬಂಡೆಯ ಮೇಲೆ ಕುಟ್ಟಿ ಕುಟ್ಟಿ ಬಿಡಿಸಿದ್ದು ಹೋರಿಗಳನ್ನು, ಡುಬ್ಬ ಎತ್ತಿದ, ಕೊಂಬು ಚಾಚಿದ ಹೋರಿಗಳನ್ನು. ಅಲ್ಲಿ ಅಗೆದ ಪುರಾತತ್ವಜ್ಞ ಆಲ್‌ಚಿನ್ ಕೃಷ್ಣೆಯಾಚೆಯ ಉಟ್ನೂರಿನಲ್ಲಿ ಬೂದಿದಿಬ್ಬವನ್ನೂ ಅಗೆದರು. ದನ ಕೂಡುತ್ತಿದ್ದ ದೊಡ್ಡಿಯಲ್ಲಿ ವರ್ಷಗಟ್ಟಲೆ ಬಿದ್ದ ಸಗಣಿಯನ್ನು ಸುಟ್ಟು ಸುಟ್ಟು ಆದ ಗುಡ್ಡೆಗಳವು, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವು. ಅಷ್ಟು ಸಗಣಿಗೆ ಎಷ್ಟು ದನ ಬೇಕು, ಅಷ್ಟು ದನಕ್ಕೆ ಎಷ್ಟು ಹುಲ್ಲು ಬೇಕು, ನೀವೇ ಹೇಳಿ. ದಟ್ಟ ಕಾಡಿನ ನಡುವೆ ಅಂಥ ದೊಡ್ಡಿ ಕಟ್ಟಲಾಗದು.

'ಸವನ್ನಾ ಆದ್ರ ಆನೆ, ಸಿಂಹ, ಜಿರಾಫೆ ಎಲ್ಲಿ?' ಎಂದು ನಿಮ್ಮ ಮಗಳು ಕೇಳಿಯೇ ಕೇಳುತ್ತಾಳೆ. ಜಿರಾಫೆಯ ಕೆಲಸ ಇಲ್ಲಿ ಆಡಿನದು. ಹಿಂಗಾಲ ಮೇಲೆ ನಿಂತು ಮುಂಗಾಲನ್ನು ಜಾಲಿಯ ಬೊಡ್ಡೆಗೆ ಕೊಟ್ಟು ಮುಳ್ಳಿನ ನಡುವಿನ ಚಿಗುರನ್ನೇ ಆರಿಸಿ ತಿನ್ನುವುದನ್ನು ಆಕೆ ದಿನಾ ನೋಡಿರುತ್ತಾಳೆ. ಓಡುವ ಜಿಂಕೆ ಬೇಕಿದ್ದರೆ ಚಿಗರಿ ಇದೆ. ಮೂಲತಃ ಭಾರತ ಉಪಖಂಡದ್ದೇ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಜಿಗಿದೋಡಬಲ್ಲದ್ದು. ತೊಗರಿ ಹೊಲಕ್ಕೆ ನುಗ್ಗಿದ ಚಿಗರಿಯನ್ನು ಬೈಯದ ರೈತ ನಿಮ್ಮ ಕಡೆ ಸಿಗಲಾರ. ಅಷ್ಟು ವೇಗ ಯಾಕೆ ಬೇಕಿತ್ತು? ಬೆನ್ನಟ್ಟುವವನೊಬ್ಬ ಇದ್ದ. ಇವತ್ತು ಎಲ್ಲರೂ ಚೀತಾ ಎನ್ನುವ ಪ್ರಾಣಿಗೆ ಹಿಂದೆ ಕನ್ನಡದಲ್ಲಿ ಸಿವಂಗಿ ಎಂಬ ಹೆಸರಿತ್ತು. 1952ರಲ್ಲಿ ಅದು ಭಾರತದಿಂದ ಅಳಿಯಿತೆಂದು ಸಾರಲಾಯಿತು. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ನಮೀಬಿಯಾದಿಂದ ತಂದು ಬಿಟ್ಟರು. ಆಫ್ರಿಕದ ಸವನ್ನಾದ ಪ್ರಾಣಿ ಇಲ್ಲಿ ಬದುಕೀತೆಂದು ಸರ್ಕಾರವೇ ಒಪ್ಪಿದಂತಾಯಿತಲ್ಲ! ತೋಳ ಇನ್ನೂ ಉಳಿದಿದೆ. ಅದಕ್ಕೆಂದೇ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ವನ್ಯಧಾಮ ಮಾಡಿದ್ದಾರೆ. ನಿಮ್ಮಲ್ಲಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ಸೀಮೆಯ ಎರೆಯಲ್ಲಿ ಬೆರಳೆಣಿಕೆಯಷ್ಟು ಎರೆಭೂತಗಳಿವೆ. ಹೆಸರು ಕೇಳಿ ಹೆದರಬೇಡಿ, ಮನುಷ್ಯನ ಎದೆಯೆತ್ತರ ನಿಲ್ಲುವ ಹಕ್ಕಿ ಅದು. ಬಯಲಲ್ಲೇ ನೆಲದ ಮೇಲೆ ಒಂದು ಮೊಟ್ಟೆ ಇಡುತ್ತದೆ. ಮರ ನೆಟ್ಟರೆ ಅದಕ್ಕೆ ಮನೆಯೇ ಹೋಯಿತು.

ಮನೆ ಹೋಗುತ್ತಿರುವುದೂ ನಿಜ, ಅದರಲ್ಲಿ ಪದಗಳ ಪಾಲು ದೊಡ್ಡದು. ಕಂದಾಯದ ಕಡತದಲ್ಲಿ ಉಳುಮೆಗೆ ಬಾರದ ನೆಲವೆಲ್ಲ 'ಖರಾಬು'. ದೇಶದ ಪಾಳುಭೂಮಿ ನಕಾಶೆಯಲ್ಲಿ ಕುರುಚಲು, ಹುಲ್ಲುಗಾವಲು ಎಲ್ಲ 'ಪಾಳು'. ಊರವರ ಬಾಯಲ್ಲಿ ಮಾತ್ರ ಅದು ಗಾಯರಾಣ: ದನ ಕುರಿ ಮೇಯುವ, ಕಟ್ಟಿಗೆ ಆರಿಸುವ, ಬಾರಿಹಣ್ಣು ಕಿತ್ತು ತಿನ್ನುವ ಜಾಗ. ಪಾಳು ಎಂದು ಬರೆದ ನೆಲವನ್ನು ಯಾವುದಕ್ಕೆ ಕೊಟ್ಟರೂ ಲಾಭವೇ ಎನಿಸುತ್ತದೆ. ಸವನ್ನಾ ಎಂದು ಬರೆದಿದ್ದರೆ ಒಂದು ಸಲವಾದರೂ ಯೋಚನೆ ಮಾಡುತ್ತಿದ್ದರು.

ನೀವು 'ಬರೀ ಕಂಟಿ' ಎಂದಿರಲ್ಲ, ಅದು ಬೇರೆ ಕತೆ. ಇವತ್ತು ಹಳ್ಳದ ದಂಡೆ, ಕೆರೆಯ ಅಂಗಳ, ರಸ್ತೆಬದಿಯಲ್ಲಿ ಮುತ್ತಿರುವುದು ಬಹುಪಾಲು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ತವರು ಅಮೆರಿಕ ಖಂಡ. 1870ರ ದಶಕದಲ್ಲಿ ಬ್ರಿಟಿಷರ ಅರಣ್ಯಾಧಿಕಾರಿಗಳು ಉರುವಲಿಗೆಂದು ಬೀಜ ತರಿಸಿ ಕಡಪಾ ಕಡೆ ಬಿತ್ತಿದರು. ಎಲೆಯನ್ನು ಆಡು ಮುಟ್ಟದು, ಕಾಯಿಯನ್ನು ಬಿಡದು. ತಿಂದು ನಾಲ್ಕು ಹೊಲ ದಾಟಿ ಹಿಕ್ಕೆಯಲ್ಲಿ ಬೀಜ ಬಿತ್ತುತ್ತದೆ, ಗೊಬ್ಬರ ಸಮೇತ. ಇದು ಒತ್ತಾಗಿ ಬೆಳೆದ ಕಡೆ ಕೆಳಗೆ ಹುಲ್ಲೇ ಇರುವುದಿಲ್ಲ. ದಸರೆಗೆ ಬಂಗಾರವೆಂದು ಹಂಚುವ ಬನ್ನಿ ಇದಕ್ಕೆ ಸಂಬಂಧಿಕ. ರಾಜಸ್ಥಾನದವರು ಖೇಜ್ರಿ ಎಂದು ಪೂಜಿಸುವ ಮರವೇ ಬನ್ನಿ. ದಾಯಾದಿಗಳಲ್ಲಿ ಒಬ್ಬ ದೇವರು, ಒಬ್ಬ ಕಂಟಕ. ಆದರೂ ಬಳ್ಳಾರಿ ಜಾಲಿಯನ್ನು ಬೈದು ಮುಗಿಸುವಂತಿಲ್ಲ. ಅದರ ಇದ್ದಿಲು ಸುಟ್ಟು ಒಲೆ ಹೊತ್ತಿಸಿಕೊಂಡ ಮನೆಗಳು ಎಷ್ಟೋ ಇವೆ.

ಇನ್ನು ಭತ್ತ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು, ಮಾನ್ವಿಗಳ ಒಣಹೊಲ ಗದ್ದೆಯಾಯಿತು. ಭತ್ತ ಹುಟ್ಟಿನಿಂದ ಜವುಗಿನ ಹುಲ್ಲು. ಜವುಗು ಬಂದ ಮೇಲೆ ಅದರ ಪರಿವಾರವೂ ಬಂತು: ಬೆಳ್ಳಕ್ಕಿ, ಕಪ್ಪೆ, ಏಡಿ, ಸೊಳ್ಳೆ. ಮೇಲಿನ ಮೋಡ ಮಾತ್ರ ಅದೇ 600-700 ಮಿ.ಮೀ.ನದು. ಇಂಥ ನೆಲಗಳನ್ನು ಹಳೆಯ ಬಯೋಮ್ ಹೆಸರಿನಿಂದ ಕರೆಯುವುದು ಸುಳ್ಳಾಗುತ್ತದೆಂದು ಅರ್ಲ್ ಎಲಿಸ್ ಮತ್ತು ನವೀನ್ ರಾಮನ್‌ಕುಟ್ಟಿ 2008ರಲ್ಲಿ 'ಮಾನವಕೃತ ಬಯೋಮ್'ಗಳ ಬೇರೆ ನಕ್ಷೆಯನ್ನೇ ಮಾಡಿದರು. ಮಾನ್ವಿ ಅಂಥ ಒಂದು ಬಯೋಮ್. ಅದು ನಿಂತಿರುವುದು ಕಾಲುವೆಯ ಮೇಲೆ. ಕೊನೆಭಾಗದ ರೈತರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ರಾತ್ರಿ ಆ ಸೀಮೆಗೆಲ್ಲ ನಿದ್ದೆ ಬಂದಿರಲಾರದು. ದೇವದುರ್ಗದಲ್ಲೂ ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ಊರುಗಳ ಬಣ್ಣ ಬದಲಾಗಿದೆ. ಮುಟ್ಟದ ಊರುಗಳಲ್ಲಿ ಹಳೆಯ ಲೆಕ್ಕವೇ ನಡೆದಿದೆ. ಕುರಿಹಟ್ಟಿಯವರು ಮಳೆಯ ಬೆನ್ನು ಹಿಡಿದು ಸಾಗುತ್ತಾರೆ, ಕೊಯ್ದ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಕೊಟ್ಟು ಕಾಳು ಒಯ್ಯುತ್ತಾರೆ. ನೀರು ಹುಲ್ಲು ಹುಡುಕಿ ಹಿಂಡು ಸಾಗುವುದು ಆಫ್ರಿಕದ ಸೆರೆಂಗೆಟಿಯಲ್ಲೂ ಹೀಗೆಯೇ, ಅಲ್ಲಿ ಹಿಂಡಿನ ಹಿಂದೆ ಕಂಬಳಿ ಹೊದ್ದವರು ಇರುವುದಿಲ್ಲ ಅಷ್ಟೆ.

ಪರೀಕ್ಷೆಯಲ್ಲಿ ಏನು ಬರೆಯಬೇಕೆಂದರೆ ಪುಸ್ತಕದಲ್ಲಿ ಇರುವುದನ್ನೇ ಬರೆಯಲಿ, ಅಂಕ ಕೊಡುವವನು ನಾನಲ್ಲ. ಮನೆಯಲ್ಲಿ ಮಾತಾಡುವಾಗ ಸವನ್ನಾ ಎನ್ನಬಹುದು. ಪುರಾವೆ ಕೇಳಿದರೆ ರೊಟ್ಟಿ ತೋರಿಸಿ. ಬಿಳಿಜೋಳ ಮೂಲತಃ ಆಫ್ರಿಕದ ಸವನ್ನಾದ ಹುಲ್ಲು. ಸುಮಾರು ಐದು ಸಾವಿರ ವರ್ಷದ ಹಿಂದೆ ಸುಡಾನ್ ಕಡೆಯ ಜನ ಅದನ್ನು ಪಳಗಿಸಿದರು. ಇಲ್ಲಿಗೆ ಬಂದ ಮೇಲೆ ಪರದೇಶ ಎನಿಸಲೇ ಇಲ್ಲ ಅದಕ್ಕೆ. ಸೆಪ್ಟೆಂಬರ್ ಮಳೆಯನ್ನು ಹೀರಿಟ್ಟುಕೊಂಡ ಎರೆಯಲ್ಲಿ ಬಿತ್ತಿದರೆ ಮುಂದೆ ಒಂದು ಹನಿ ಬೀಳದಿದ್ದರೂ ಆ ಹಸಿಯಲ್ಲೇ, ಚಳಿಗಾಲದ ಇಬ್ಬನಿಯಲ್ಲೇ ತೆನೆ ಬಿಡುತ್ತದೆ.

ಈ ಸಲ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ತವರಿನ ಹೊಲಕ್ಕೆ ಹೋದಾಗ ಮಗಳನ್ನು ಕರೆದೊಯ್ಯಿರಿ. ಬುತ್ತಿ ಬಿಚ್ಚುವ ಹೊತ್ತಿಗೆ ಜೋಳದ ಮೇಲೆ ಹೊಗೆ ಎದ್ದಂತೆ ಒಂದು ಹಿಂಡು ತಿರುಗಿ, ಬಾಗಿ, ತೆನೆಗಳ ಮೇಲೆ ಇಳಿದರೆ ಗಮನವಿಟ್ಟು ನೋಡಲಿ. ತಲೆ ರೆಕ್ಕೆ ಕಪ್ಪು, ಮೈ ತಿಳಿಗುಲಾಬಿ. ಅವೇ ನಾನು ಹೇಳಿದ ನೆಂಟರು, ಗುಲಾಬಿ ಕಬ್ಬಕ್ಕಿಗಳು. ಮೇ, ಜೂನ್‌ನಲ್ಲಿ ಮಧ್ಯ ಏಷ್ಯಾದ ಸ್ಟೆಪಿಯಲ್ಲಿ ಮಿಡತೆ ತಿಂದು ಮರಿ ಮಾಡಿ, ಚಳಿಗೆ ಇಲ್ಲಿಗೆ ಬಂದಿರುತ್ತವೆ. ಒಂದು ಹುಲ್ಲುಗಾವಲು ಬಿಟ್ಟು ಇನ್ನೊಂದಕ್ಕೆ. ಅಟ್ಟದ ಮೇಲೆ ನಿಂತ ನಿಮ್ಮ ತಮ್ಮನೋ ಅಣ್ಣನೋ ಕವಣೆ ಬೀಸುವುದಕ್ಕೆ ಮೊದಲು ಆಕೆ ಒಮ್ಮೆ ಎಣಿಸಿಬಿಡಲಿ.